ಸನ್ಮಾನ: ಕೃತಜ್ಞತೆಯೋ, ವ್ಯಾಪಾರವೋ?

ಓದುಗರೇ, ಸನ್ಮಾನ ಸಮಾರಂಭಗಳಿಗೆ ನೀವೂ ಹೋಗಿರುತ್ತೀರಿ. ವೇದಿಕೆಯ ಮೇಲೆ ಒಬ್ಬರನ್ನು ಕುರ್ಚಿಯಲ್ಲಿ ಕುಳ್ಳಿರಿಸಿ ಶಾಲು ಹೊದಿಸುತ್ತಾರೆ, ಹಾರ ಹಾಕುತ್ತಾರೆ, ಹಣ್ಣಿನ ಬುಟ್ಟಿ ಮತ್ತು ಸ್ಮರಣಿಕೆ ಕೊಡುತ್ತಾರೆ. ಫೋಟೊ ತೆಗೆಯುವವನು ಸ್ವಲ್ಪ ತಡೆಯಿರಿ ಎಂದು ಕೈ ಎತ್ತುತ್ತಾನೆ. ಕೊಡುವವರೂ ಪಡೆಯುವವರೂ ಒಬ್ಬರ ಮುಖ ಒಬ್ಬರು ನೋಡುವುದನ್ನು ಬಿಟ್ಟು ಕ್ಯಾಮರಾದ ಕಡೆಗೆ ತಿರುಗುತ್ತಾರೆ. ಆಗ ನಿಮ್ಮ ಮನಸ್ಸಿನಲ್ಲಿ ಎರಡು ಮಾತುಗಳು ಒಟ್ಟಿಗೆ ಬಂದಿರಬಹುದು. ಒಂದು, ಇವರು ನಿಜವಾಗಿಯೂ ಒಳ್ಳೆಯ ಕೆಲಸ ಮಾಡಿದ್ದಾರೆ, ಇಷ್ಟಾದರೂ ಆಗಲೇಬೇಕಿತ್ತು. ಇನ್ನೊಂದು, ಒಳ್ಳೆಯ ಕೆಲಸಕ್ಕೆ ಇಷ್ಟೆಲ್ಲ ಆಡಂಬರ ಬೇಕಿತ್ತೇ?

ಇವುಗಳಲ್ಲಿ ಯಾವುದು ಸರಿ? ಸತ್ಕರ್ಮ ಮಾಡಿದವರನ್ನು ಬಹಿರಂಗವಾಗಿ ಗೌರವಿಸುವುದು ಧರ್ಮವೋ, ಅವರ ಸಂಕಲ್ಪಶುದ್ಧಿಯನ್ನು ಕೆಡಿಸುವ ಕೆಲಸವೋ? ಅದರಲ್ಲೂ ಆ ಗೌರವದ ಹೆಸರಿನಲ್ಲಿ ಹಣ ಸಂಗ್ರಹಿಸಿದರೆ ಏನೆನ್ನಬೇಕು? ಸುಲಭದ ಉತ್ತರಗಳು ಎರಡೂ ಕಡೆ ಇವೆ. ಆದರೆ ಸುಲಭದ ಉತ್ತರ ಹೇಳುವ ಮೊದಲು ಈ ಪ್ರಶ್ನೆ ಅತ್ಯಂತ ಸ್ಪಷ್ಟವಾಗಿ ಎದ್ದು ನಿಲ್ಲುವ ಒಂದು ಉದಾಹರಣೆಯನ್ನು ನೋಡೋಣ. ಅದಕ್ಕಾಗಿ ಸ್ವಲ್ಪ ದೂರ ಹೋಗಬೇಕಾಗುತ್ತದೆ.

ಊಟದ ಮೇಜು ಮತ್ತು ವಿದ್ಯೆಯ ಖರ್ಚು

ಅಮೇರಿಕದಲ್ಲಿ ಇತಿಹಾಸ, ಸಾಹಿತ್ಯ, ತತ್ವಶಾಸ್ತ್ರ, ಭಾಷೆ ಮುಂತಾದ ವಿಷಯಗಳನ್ನು ಒಟ್ಟಾಗಿ ಮಾನವಿಕ ಶಾಸ್ತ್ರಗಳೆಂದು ಕರೆಯುತ್ತಾರೆ. ಇವು ವಿಶ್ವವಿದ್ಯಾನಿಲಯಗಳ ಗೋಡೆಯೊಳಗೆ ಮಾತ್ರ ಉಳಿಯಬಾರದು, ಗ್ರಂಥಾಲಯ, ವಸ್ತುಸಂಗ್ರಹಾಲಯ, ಸಭಾಭವನಗಳ ಮೂಲಕ ಸಾಮಾನ್ಯ ಜನರನ್ನೂ ತಲುಪಬೇಕು ಎಂಬ ಉದ್ದೇಶದಿಂದ ಅಲ್ಲಿನ ಸರಕಾರ 1965ರಲ್ಲಿ ಕಾನೂನೊಂದನ್ನು ಮಾಡಿ ರಾಷ್ಟ್ರೀಯ ನಿಧಿಯೊಂದನ್ನು ಸ್ಥಾಪಿಸಿತು. 1970ರ ದಶಕದಿಂದ ಪ್ರತಿ ರಾಜ್ಯದಲ್ಲೂ ಇದೇ ಕೆಲಸಕ್ಕಾಗಿ ಮಂಡಳಿಗಳು ಹುಟ್ಟಿಕೊಂಡವು. ರಾಜ್ಯಗಳು ಮತ್ತು ಇತರ ಆಡಳಿತ ಪ್ರದೇಶಗಳನ್ನು ಸೇರಿಸಿದರೆ ಇಂತಹ ಮಂಡಳಿಗಳ ಸಂಖ್ಯೆ 56.

ಇವುಗಳ ಕೆಲಸ ಎಂತಹದು? ಮ್ಯಾಸಚೂಸೆಟ್ಸ್ ರಾಜ್ಯದ ಮಂಡಳಿಯನ್ನೇ ತೆಗೆದುಕೊಳ್ಳಿ. ಅದರ ಹೆಸರು ಮ್ಯಾಸ್ ಹ್ಯುಮ್ಯಾನಿಟೀಸ್. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ಮಹಾನ್ ವಾಗ್ಮಿಯಾದ ಫ್ರೆಡರಿಕ್ ಡಗ್ಲಸ್ 1852ರ ಜುಲೈ 5ರಂದು ಒಂದು ಭಾಷಣ ಮಾಡಿದ್ದರು. ಸ್ವಾತಂತ್ರ್ಯದ ಹಬ್ಬ ಆಚರಿಸುತ್ತಿರುವ ದೇಶಕ್ಕೆ ಅದರದ್ದೇ ಗುಲಾಮರನ್ನು ನೆನಪಿಸಿದ ಭಾಷಣ ಅದು. ಈ ಮಂಡಳಿಯ ನೆರವಿನಿಂದ ಊರೂರುಗಳಲ್ಲಿ ಜನರು ಬಯಲಿನಲ್ಲಿ ಸೇರಿ ಆ ಭಾಷಣವನ್ನು ಒಬ್ಬರ ನಂತರ ಒಬ್ಬರಂತೆ ಗಟ್ಟಿಯಾಗಿ ಓದುತ್ತಾರೆ. ಓದುವವರಲ್ಲಿ ಬಿಳಿಯರೂ ಕರಿಯರೂ ಇರುತ್ತಾರೆ.

ಇನ್ನೊಂದು ಕೆಲಸ ಇದಕ್ಕಿಂತಲೂ ಹೃದಯಸ್ಪರ್ಶಿಯಾದುದು. ಅರ್ಲ್ ಶೋರಿಸ್ ಎಂಬ ಲೇಖಕರು ಬಡತನದ ಬಗ್ಗೆ ಪುಸ್ತಕ ಬರೆಯಲು ಸಾಮಗ್ರಿ ಹುಡುಕುತ್ತಾ ಜೈಲೊಂದಕ್ಕೆ ಹೋಗಿದ್ದರು. ಜನರು ಯಾಕೆ ಬಡವರಾಗಿಯೇ ಉಳಿಯುತ್ತಾರೆ ಎಂದು ಅಲ್ಲಿದ್ದ ಮಹಿಳಾ ಕೈದಿಯೊಬ್ಬಳನ್ನು ಕೇಳಿದರು. ಆಕೆ ಹಣದ ಬಗ್ಗೆ ಹೇಳಲಿಲ್ಲ. ಬಡವರ ಮಕ್ಕಳನ್ನು ನಾಟಕಗಳಿಗೆ, ವಸ್ತುಸಂಗ್ರಹಾಲಯಗಳಿಗೆ, ಉಪನ್ಯಾಸಗಳಿಗೆ ಕರೆದುಕೊಂಡು ಹೋಗಬೇಕು, ಬೀದಿಯ ಬದುಕಿಗೆ ಬದಲಾಗಿ ಇನ್ನೊಂದು ನೈತಿಕ ಬದುಕು ಇದೆಯೆಂದು ಅವರಿಗೆ ತೋರಿಸಬೇಕು ಎಂಬರ್ಥದ ಉತ್ತರ ಕೊಟ್ಟಳು. ಆ ಉತ್ತರದಿಂದ ಪ್ರೇರಿತರಾಗಿ ಶೋರಿಸ್ 1995ರಲ್ಲಿ ನ್ಯೂಯಾರ್ಕಿನಲ್ಲಿ ಕ್ಲೆಮೆಂಟೆ ಕೋರ್ಸ್ ಎಂಬ ಉಚಿತ ತರಗತಿಯನ್ನು ಆರಂಭಿಸಿದರು. ಸುಮಾರು ಮೂವತ್ತು ಮಂದಿ ಕಡುಬಡವರು ಅದಕ್ಕೆ ಸೇರಿದರು. ಅವರಿಗೆ ಕಲಿಸಿದ್ದು ಹೊಲಿಗೆಯಲ್ಲ, ಡ್ರೈವಿಂಗ್ ಅಲ್ಲ, ತತ್ವಶಾಸ್ತ್ರ, ಕಾವ್ಯ, ಇತಿಹಾಸ, ತರ್ಕ. ಮ್ಯಾಸಚೂಸೆಟ್ಸ್‌ನಲ್ಲಿ ಇಂತಹ ತರಗತಿಗಳಿಗೆ ಬೆಂಬಲ ಕೊಡುತ್ತಾ ಬಂದ ಸಂಸ್ಥೆ ಇದೇ ಮಂಡಳಿ.

ಇದಕ್ಕೆಲ್ಲ ಹಣ ಬೇಕು. ಆದ್ದರಿಂದ ಈ ಮಂಡಳಿ 2014ರಲ್ಲಿ ಒಂದು ಪದ್ಧತಿಯನ್ನು ಆರಂಭಿಸಿತು. ನಾಡಿನ ನಾಗರಿಕ ಬದುಕಿಗೆ ವಿದ್ಯೆ ಮತ್ತು ಚಿಂತನೆಯ ಮೂಲಕ ಸೇವೆ ಸಲ್ಲಿಸಿದ ಕೆಲವರನ್ನು ಆರಿಸಿ ರಾಜ್ಯಪಾಲರ ಹೆಸರಿನಲ್ಲಿ ಪ್ರಶಸ್ತಿ ಕೊಡುವುದು, ಅದನ್ನು ಔತಣಕೂಟವೊಂದರಲ್ಲಿ ಪ್ರದಾನ ಮಾಡುವುದು, ಆ ಔತಣದಿಂದ ಬಂದ ಹಣವನ್ನು ಕೆಲಸಕ್ಕೆ ಬಳಸುವುದು. ಬೋಸ್ಟನ್ನಿನ ಜಾನ್ ಎಫ್. ಕೆನಡಿ ಗ್ರಂಥಾಲಯದಲ್ಲಿ ಈ ಕೂಟ ನಡೆದಿದೆ. ಇದು ಒಂದೇ ಸಂಸ್ಥೆಯ ಪದ್ಧತಿಯಲ್ಲ. ಅಮೇರಿಕದಲ್ಲಿ ಗ್ರಂಥಾಲಯ, ಆಸ್ಪತ್ರೆ, ಶಾಲೆಗಳೆಲ್ಲ ಹೀಗೆಯೇ ಹಣ ಕೂಡಿಸುತ್ತವೆ. ಇಂತಹ ಕೂಟಗಳಲ್ಲಿ ಸಾಮಾನ್ಯವಾಗಿ ಊಟದ ಆಸನಕ್ಕೆ ದರವಿರುತ್ತದೆ. ಇಡೀ ಮೇಜನ್ನೇ ಕೊಂಡುಕೊಳ್ಳುವ ಕಂಪೆನಿಗಳಿರುತ್ತವೆ. ಹೆಚ್ಚು ಕೊಟ್ಟವರ ಮೇಜು ವೇದಿಕೆಗೆ ಹತ್ತಿರವಿರುತ್ತದೆ, ಅವರ ಹೆಸರು ಆಮಂತ್ರಣ ಪತ್ರದಲ್ಲಿ ದಪ್ಪ ಅಕ್ಷರಗಳಲ್ಲಿರುತ್ತದೆ.

2025ರ ಎಪ್ರಿಲ್‌ನಲ್ಲಿ ಈ ಮಂಡಳಿಗಳಿಗೆ ರಾಷ್ಟ್ರೀಯ ನಿಧಿಯಿಂದ ಬರುತ್ತಿದ್ದ ಅನುದಾನ ಹಠಾತ್ತಾಗಿ ರದ್ದಾಯಿತು. ಅದೇ ತಿಂಗಳ ಕೊನೆಯಲ್ಲಿ ಮೆಲನ್ ಪ್ರತಿಷ್ಠಾನ ಒಂದೂವರೆ ಕೋಟಿ ಡಾಲರುಗಳ ತುರ್ತು ನೆರವು ಘೋಷಿಸಿತು. ವಿಷಯ ನ್ಯಾಯಾಲಯಗಳ ಮೆಟ್ಟಿಲನ್ನೂ ಹತ್ತಿತು. ಸರಕಾರದ ಕೈ ಹಿಂದೆ ಸರಿದಾಗ ಊಟದ ಮೇಜಿನ ಮುಂದೆ ಕುಳಿತವರ ಕೈಯೇ ಗತಿ ಎಂಬ ಸ್ಥಿತಿ ಬಂತು. ಹೀಗಿರುವಾಗ ಇದೆಲ್ಲ ತೋರಿಕೆ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಸುಲಭವಲ್ಲ. ಔತಣ ನಿಂತರೆ ಬಡವರ ತರಗತಿಯ ಬಾಗಿಲೂ ಮುಚ್ಚಬಹುದು.

ಗುಟ್ಟಿನ ದಾನ, ಬಹಿರಂಗ ದಾನ

ಧರ್ಮನಿಷ್ಠನಾದ ಗೆಳೆಯನೊಬ್ಬ ಇಲ್ಲಿ ಆಕ್ಷೇಪ ಎತ್ತುತ್ತಾನೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಂತೆ ಕೊಡುವವನಿಗೆ ಅಂತ್ಯದಿನದಲ್ಲಿ ಅಲ್ಲಾಹನ ನೆರಳು ಸಿಗುತ್ತದೆಂದು ಪ್ರವಾದಿವರ್ಯರು(ಸ) ಕಲಿಸಿಲ್ಲವೇ? ಹ. ಹುಸೈನ್(ರ)ರ ಮಗ ಇಮಾಮ್ ಝೈನುಲ್ ಆಬಿದೀನ್‌ರ ಕಥೆ ನಿಮಗೆ ಗೊತ್ತಿಲ್ಲವೇ? ಮದೀನಾದಲ್ಲಿ ಎಷ್ಟೋ ಬಡ ಮನೆಗಳಿಗೆ ರಾತ್ರಿಯ ಹೊತ್ತು ಹಿಟ್ಟಿನ ಮೂಟೆ ಬರುತ್ತಿತ್ತು. ತಂದವರು ಯಾರೆಂದು ಯಾರಿಗೂ ತಿಳಿದಿರಲಿಲ್ಲ. ಅವರು ತೀರಿಕೊಂಡ ಮೇಲೆ ಮೂಟೆಗಳು ನಿಂತವು. ಮಯ್ಯಿತ್ ಸ್ನಾನ ಮಾಡಿಸುವಾಗ ಅವರ ಬೆನ್ನಿನ ಮೇಲೆ ಮೂಟೆ ಹೊತ್ತ ಗುರುತುಗಳು ಕಂಡವು. ಆಗ ಊರಿಗೆ ವಿಷಯ ತಿಳಿಯಿತು. ಅಂತಹವರ ಮುಂದೆ ದಪ್ಪ ಅಕ್ಷರದಲ್ಲಿ ಹೆಸರು ಅಚ್ಚು ಹಾಕಿಸಿಕೊಳ್ಳುವವರು ಯಾವ ಲೆಕ್ಕ?

ಗೆಳೆಯನ ಮಾತಿನಲ್ಲಿ ಸತ್ಯವಿದೆ. ಆದರೆ ಪೂರ್ಣ ಸತ್ಯವಿಲ್ಲ. ಪವಿತ್ರ ಕುರ್‌ಆನ್ ಗುಟ್ಟಾಗಿ ಕೊಡುವುದನ್ನು ಹೆಚ್ಚು ಉತ್ತಮವೆಂದು ಹೇಳುವ ಸ್ಥಳದಲ್ಲಿಯೇ ಬಹಿರಂಗವಾಗಿ ಕೊಡುವುದನ್ನೂ ಒಳ್ಳೆಯದೆಂದು ಹೇಳಿದೆ. ಪ್ರವಾದಿವರ್ಯರ(ಸ) ಜೀವನದಲ್ಲಿ ಇದಕ್ಕೆ ಒಂದು ಸುಂದರ ಉದಾಹರಣೆಯಿದೆ. ಹ. ಜರೀರ್(ರ) ಹೇಳಿದ ಘಟನೆ ಅದು. ಒಂದು ದಿನ ಮುದರ್ ಗೋತ್ರದ ಕೆಲವರು ಮದೀನಾಕ್ಕೆ ಬಂದರು. ಕಾಲಲ್ಲಿ ಚಪ್ಪಲಿಯಿಲ್ಲ, ಮೈಮೇಲೆ ಹರಿದ ಉಣ್ಣೆಯ ತುಂಡು. ಅವರ ಬಡತನ ಕಂಡು ಪ್ರವಾದಿವರ್ಯರ(ಸ) ಮುಖ ಬಾಡಿತು. ನಮಾಝ್ ಮುಗಿದ ಮೇಲೆ ಅವರು ಎದ್ದುನಿಂತು ಎಲ್ಲರೂ ತಮ್ಮ ಕೈಲಾದದ್ದನ್ನು, ಅರ್ಧ ಖರ್ಜೂರವಾದರೂ ಸರಿ, ಕೊಡಬೇಕೆಂದು ಹೇಳಿದರು. ಅನ್ಸಾರರಲ್ಲಿ ಒಬ್ಬರು ಕೈಯಲ್ಲಿ ಹಿಡಿಯಲಾಗದಷ್ಟು ಭಾರದ ಚೀಲ ತಂದರು. ಅವರನ್ನು ಕಂಡು ಜನರು ಸಾಲುಸಾಲಾಗಿ ಬಂದರು. ನೋಡುನೋಡುತ್ತಿದ್ದಂತೆ ಧಾನ್ಯದ ಮತ್ತು ಬಟ್ಟೆಯ ಎರಡು ರಾಶಿಗಳಾದವು. ಪ್ರವಾದಿವರ್ಯರ(ಸ) ಮುಖ ಬೆಳಗಿತು. ಒಳ್ಳೆಯ ಪದ್ಧತಿಯೊಂದನ್ನು ಆರಂಭಿಸಿದವನಿಗೆ ಅದರ ಪ್ರತಿಫಲವೂ, ಅವನನ್ನು ನೋಡಿ ಮಾಡಿದವರ ಪ್ರತಿಫಲದಷ್ಟೇ ಪ್ರತಿಫಲವೂ ಇದೆಯೆಂದು ಅವರು ಹೇಳಿದರು.

ಆ ಅನ್ಸಾರಿ ತಮ್ಮ ಚೀಲವನ್ನು ಕತ್ತಲಾದ ಮೇಲೆ ತಂದಿದ್ದರೆ ಎರಡು ರಾಶಿಗಳು ಆಗುತ್ತಿದ್ದವೇ? ಆ ದಿನ ಬಡವರ ಹೊಟ್ಟೆ ತುಂಬಿಸಿದ್ದು ಚೀಲವೊಂದೇ ಅಲ್ಲ, ಅದು ಎಲ್ಲರ ಕಣ್ಣಿಗೆ ಬಿದ್ದದ್ದು ಕೂಡ. ಒಂದು ಮನೆಯ ಹಸಿವು ನೀಗಿಸಲು ಗುಟ್ಟಿನ ಕೈ ಸಾಕು. ಶಾಲೆ, ಗ್ರಂಥಾಲಯ, ಆಸ್ಪತ್ರೆಗಳು ಒಬ್ಬನ ಕೈಯಿಂದ ನಡೆಯುವುದಿಲ್ಲ. ಅಲ್ಲಿ ಒಬ್ಬರು ಮುಂದೆ ಬಂದು ನಿಲ್ಲಬೇಕಾಗುತ್ತದೆ, ನಿಂತವರನ್ನು ನಾಲ್ಕು ಜನರಿಗೆ ತೋರಿಸಬೇಕಾಗುತ್ತದೆ.

ಮತ್ತೊಂದು ವಿಷಯ. ಜನರಿಗೆ ಕೃತಜ್ಞನಾಗದವನು ಅಲ್ಲಾಹನಿಗೂ ಕೃತಜ್ಞನಾಗಲಾರನೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಉಪಕಾರ ಮಾಡಿದವನು ಕೃತಜ್ಞತೆಯನ್ನು ನಿರೀಕ್ಷಿಸಬಾರದು ಎಂಬುದು ಅವನಿಗೆ ಹೇಳಿದ ಮಾತು. ಉಪಕಾರ ಪಡೆದವನು ಕೃತಜ್ಞತೆ ಹೇಳಲೇಬೇಕು ಎಂಬುದು ಇವನಿಗೆ ಹೇಳಿದ ಮಾತು. ನಾವು ಎಷ್ಟೋ ಸಲ ಮೊದಲನೆಯ ಮಾತನ್ನು ಹಿಡಿದುಕೊಂಡು ಎರಡನೆಯದರಿಂದ ತಪ್ಪಿಸಿಕೊಳ್ಳುತ್ತೇವೆ. ಅವರಿಗೇನು, ಅವರ ಪ್ರತಿಫಲ ಪರಲೋಕದಲ್ಲಿದೆ ಎಂದು ಹೇಳಿ ನಮ್ಮ ಸಾಲವನ್ನು ಪರಲೋಕದ ಲೆಕ್ಕಕ್ಕೆ ಬರೆದುಬಿಡುತ್ತೇವೆ. ಇದು ಭಕ್ತಿಯಲ್ಲ, ಜಿಪುಣತನ.

ಮಾರಾಟಕ್ಕಿಟ್ಟ ಹೆಸರು

ಹಾಗಾದರೆ ಸನ್ಮಾನದ ಔತಣದಲ್ಲಿ ತಪ್ಪೇನೂ ಇಲ್ಲವೇ? ಅವಸರ ಬೇಡ. ಸಾಲ ತೀರಿಸುವುದು ಬೇರೆ, ಸರಕು ಮಾರುವುದು ಬೇರೆ. ಗೌರವ ಸರಕಾದಾಗ ಏನಾಗುತ್ತದೆ ಎಂಬುದಕ್ಕೆ ಇತಿಹಾಸದಲ್ಲಿ ಸಾಕ್ಷಿಗಳಿವೆ.

ಉಕ್ಕಿನ ಉದ್ಯಮಿ ಆಂಡ್ರೂ ಕಾರ್ನೆಗಿ ತಮ್ಮ ಹಣದಿಂದ ಜಗತ್ತಿನಾದ್ಯಂತ 2,509 ಗ್ರಂಥಾಲಯಗಳನ್ನು ಕಟ್ಟಿಸಿದರು. ಅವುಗಳಲ್ಲಿ 1,679 ಅಮೇರಿಕದಲ್ಲಿಯೇ ಇದ್ದವು. ಲಕ್ಷಾಂತರ ಬಡ ಮಕ್ಕಳು ಮೊದಲ ಪುಸ್ತಕ ಹಿಡಿದದ್ದು ಆ ಕಟ್ಟಡಗಳಲ್ಲಿ. ಇದು ಸಣ್ಣ ಸೇವೆಯಲ್ಲ. ಆದರೆ 1892ರಲ್ಲಿ ಹೋಮ್‌ಸ್ಟೆಡ್ ಎಂಬಲ್ಲಿನ ಅವರದೇ ಉಕ್ಕಿನ ಕಾರ್ಖಾನೆಯಲ್ಲಿ ಕೂಲಿ ಕಡಿತದ ವಿರುದ್ಧ ಹೋರಾಟ ನಡೆದಾಗ ಕಂಪೆನಿ ಬಂದೂಕುಧಾರಿ ಖಾಸಗಿ ಕಾವಲುಗಾರರನ್ನು ಕರೆಸಿತು. ಘರ್ಷಣೆಯಲ್ಲಿ ಎರಡೂ ಕಡೆ ಹಲವರು ಸತ್ತರು, ಕಾರ್ಮಿಕ ಸಂಘ ಮುರಿದುಬಿತ್ತು. ಮುಂದೆ ಕಾರ್ನೆಗಿಯವರ ಗ್ರಂಥಾಲಯದ ಹಣ ಬಂದಾಗ ಕೆಲವು ಊರುಗಳ ಕಾರ್ಮಿಕರು ಅದನ್ನು ವಿರೋಧಿಸಿದರು. ದಿನಕ್ಕೆ ಹನ್ನೆರಡು ಗಂಟೆ ಕುಲುಮೆಯ ಮುಂದೆ ದುಡಿಯುವವನಿಗೆ ಪುಸ್ತಕ ತೆರೆಯಲು ಸಮಯವೆಲ್ಲಿದೆ ಎಂಬುದು ಅವರ ಪ್ರಶ್ನೆಯಾಗಿತ್ತು. ಬಾಗಿಲ ಮೇಲೆ ಕೊತ್ತಿದ ಹೆಸರು ದಾನಿಯದು. ಆದರೆ ಆ ಹಣದಲ್ಲಿ ಕಾರ್ಮಿಕರ ಬೆವರಿನ ಪಾಲು ಎಷ್ಟಿತ್ತು? ಅದನ್ನು ಯಾವ ಕಲ್ಲಿನಲ್ಲಿ ಕೊತ್ತಲಾಯಿತು?

ನಮ್ಮ ಕಾಲದ ಉದಾಹರಣೆ ಸ್ಯಾಕ್ಲರ್ ಕುಟುಂಬದ್ದು. ವಸ್ತುಸಂಗ್ರಹಾಲಯಗಳಿಗೂ ವಿಶ್ವವಿದ್ಯಾನಿಲಯಗಳಿಗೂ ಈ ಕುಟುಂಬದವರು ಅಪಾರ ಹಣ ಕೊಟ್ಟರು. ಜಗತ್ತಿನ ದೊಡ್ಡ ದೊಡ್ಡ ಸಭಾಂಗಣಗಳಿಗೆ ಅವರ ಹೆಸರು ಬಂತು. ಅವರಲ್ಲಿ ಕೆಲವರ ಒಡೆತನದ ಔಷಧ ಕಂಪೆನಿ 1996ರಲ್ಲಿ ಮಾರುಕಟ್ಟೆಗೆ ತಂದ ನೋವು ನಿವಾರಕ ಮಾತ್ರೆ ಅಸಂಖ್ಯ ಮನೆಗಳಲ್ಲಿ ವ್ಯಸನವನ್ನೂ ಸಾವನ್ನೂ ತಂದಿತೆಂಬ ಆರೋಪಗಳು ಬಲವಾದ ಮೇಲೆ, ಗೌರವ ಕೊಟ್ಟ ಸಂಸ್ಥೆಗಳೇ ಅದನ್ನು ಹಿಂತೆಗೆದುಕೊಳ್ಳತೊಡಗಿದವು. 2019ರಲ್ಲಿ ಪ್ಯಾರಿಸ್ಸಿನ ಲೂವ್ರ್, 2021ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯ ಆ ಹೆಸರನ್ನು ತೆಗೆದುಹಾಕಿದವು.

ಓದುಗರೇ, ಇಲ್ಲಿ ನಾವು ಗಮನಿಸಬೇಕಾದ ಒಂದು ವಿಷಯವಿದೆ. ದಾನ ಮತ್ತು ಸನ್ಮಾನದ ಪ್ರಸ್ತಾಪ ಬಂದಾಗಲೆಲ್ಲ ನಾವು ಪರೀಕ್ಷಿಸುವುದು ದಾನಿಯ ನಿಯ್ಯತ್ತನ್ನು. ಅವನು ಅಲ್ಲಾಹನ ಸಂಪ್ರೀತಿಗಾಗಿ ಕೊಟ್ಟನೇ, ಹೆಸರಿಗಾಗಿ ಕೊಟ್ಟನೇ ಎಂದು ತೂಗಿ ನೋಡುತ್ತೇವೆ. ಆದರೆ ಅವನ ಹೃದಯ ತೆರೆದು ನೋಡುವ ಅಧಿಕಾರ ನಮಗಿಲ್ಲ. ಅದು ಅಲ್ಲಾಹನದ್ದು. ನಾವು ತೆರೆದು ನೋಡಬಹುದಾದ ಹೃದಯ ಒಂದೇ, ಅದು ನಮ್ಮದು. ಸನ್ಮಾನ ಮಾಡುವ ಸಮಿತಿಗೂ ಒಂದು ನಿಯ್ಯತ್ ಇದೆಯಲ್ಲವೇ? ಶಾಲು ಹೊದಿಸುವ ಕೈ ಯಾವ ಸಂಕಲ್ಪದಿಂದ ಚಾಚಿದೆ? ಅವರು ಮಾಡಿದ ಕೆಲಸಕ್ಕೆ ಧನ್ಯವಾದ ಹೇಳಲೋ, ಮುಂದಿನ ವರ್ಷದ ಚೆಕ್ಕಿಗೆ ದಾರಿ ಮಾಡಲೋ? ಹಣದ ಮೂಲವನ್ನು ಕೇಳದೆ ಹೆಸರು ಕೊತ್ತಿಸಿದ ಸಂಸ್ಥೆ ಮುಂದೊಂದು ದಿನ ಉಳಿಯಿಂದ ಅದನ್ನು ಕೆತ್ತಿ ತೆಗೆಯಬೇಕಾದರೆ ತಪ್ಪು ಕೊಟ್ಟವನದು ಮಾತ್ರವೇ?

ತಾವು ಮಾಡದ ಕೆಲಸಕ್ಕೆ ಹೊಗಳಿಸಿಕೊಳ್ಳಲು ಇಷ್ಟಪಡುವವರನ್ನು ಕುರ್‌ಆನ್ ಕಠಿಣವಾಗಿ ಎಚ್ಚರಿಸಿದೆ. ಹಾಗಿದ್ದರೆ ಅಂತಹ ಹೊಗಳಿಕೆಯನ್ನು ಬರೆದು ಓದಿಸುವವರ ಗತಿಯೇನು? ಅಭಿನಂದನಾ ಪತ್ರದ ವಾಕ್ಯಗಳನ್ನು ಒಮ್ಮೆ ನೆನಪಿಸಿಕೊಳ್ಳಿ. ಅದರಲ್ಲಿ ಬರೆದ ಪ್ರತಿಯೊಂದು ಮಾತಿಗೂ ಸಾಕ್ಷಿ ಹೇಳಲು ನಾವು ಸಿದ್ಧರಿದ್ದೇವೆಯೇ? ಸುಳ್ಳು ಸಾಕ್ಷಿ ನ್ಯಾಯಾಲಯದ ಕಟಕಟೆಯಲ್ಲಿ ಮಾತ್ರ ಪಾಪವಾಗುವುದಿಲ್ಲ, ಹೂವಿನ ವೇದಿಕೆಯಲ್ಲೂ ಅದು ಪಾಪವೇ.

ಮೇಜಿನ ಸುತ್ತ ಯಾರಿದ್ದಾರೆ?

ಎರಡನೆಯ ಪರೀಕ್ಷೆ ಊಟದ ಮೇಜಿಗೆ ಸಂಬಂಧಿಸಿದ್ದು. ಶ್ರೀಮಂತರನ್ನು ಕರೆದು ಬಡವರನ್ನು ಬಿಟ್ಟುಬಿಡುವ ಮದುವೆಯೂಟವನ್ನು ಕೆಟ್ಟ ಊಟವೆಂದು ಹದೀಸಿನಲ್ಲಿ ಹೇಳಲಾಗಿದೆ. ಅಲ್ಲಿ ಬಡಿಸಿದ ಅನ್ನದಲ್ಲಿ ದೋಷವಿರಲಿಲ್ಲ. ದೋಷವಿದ್ದದ್ದು ಆಮಂತ್ರಣದಲ್ಲಿ.

ಈ ಮಾತನ್ನು ಹಣ ಸಂಗ್ರಹದ ಔತಣಕ್ಕೆ ಅನ್ವಯಿಸಬಹುದೇ? ಅದು ದುಡ್ಡು ಕೊಟ್ಟು ತಿನ್ನುವ ಊಟ, ಬಡವನಿಗೆ ಅಲ್ಲಿ ಆಸನ ಕೊಳ್ಳಲಾಗದು, ಅದಕ್ಕೆ ಏನು ಮಾಡುವುದು ಎಂದು ನೀವು ಕೇಳಬಹುದು. ಆದರೆ ಯಾರ ಹೆಸರಿನಲ್ಲಿ ಹಣ ಕೇಳಲಾಗುತ್ತಿದೆಯೋ ಅವರೇ ಆ ಸಭೆಯಲ್ಲಿ ಇಲ್ಲದಿದ್ದರೆ ಅಥವಾ ತಟ್ಟೆ ಎತ್ತುವ ಕೆಲಸಕ್ಕೆ ಮಾತ್ರ ಇದ್ದರೆ, ಆ ಸಭೆಯ ಅರ್ಥವೇ ಬದಲಾಗಿಬಿಡುತ್ತದೆ. ರಾತ್ರಿ ಕೆಲಸ ಮುಗಿಸಿ ತತ್ವಶಾಸ್ತ್ರದ ಪಾಠ ಕೇಳಲು ಬರುವ ತಾಯಿಯೊಬ್ಬಳು ಆ ಮೇಜಿನಲ್ಲಿ ಅತಿಥಿಯಾಗಿ ಕುಳಿತು, ತಾನು ಓದಿದ್ದರ ಬಗ್ಗೆ ಪಕ್ಕದ ಬ್ಯಾಂಕ್ ಅಧಿಕಾರಿಯೊಂದಿಗೆ ಸಮಾನಳಾಗಿ ಮಾತಾಡಿದರೆ, ಆ ಔತಣ ತಾನು ಹಣ ಕೇಳುತ್ತಿರುವ ಕೆಲಸವನ್ನೇ ಮಾಡಿ ತೋರಿಸಿದಂತೆ. ಅವಳನ್ನು ಐದು ನಿಮಿಷ ವೇದಿಕೆ ಹತ್ತಿಸಿ ಕಷ್ಟದ ಕಥೆ ಹೇಳಿಸಿ, ಕಣ್ಣೀರು ಬಂದ ಮೇಲೆ ಚೆಕ್ಕು ಪುಸ್ತಕ ತೆರೆಯಿಸಿದರೆ ಅದು ಇನ್ನೊಂದು ರೀತಿಯ ಅವಮಾನ. ಕೊಟ್ಟದ್ದನ್ನು ಎತ್ತಿ ಹೇಳಿ ಮನ ನೋಯಿಸುವುದರಿಂದ ದಾನವೇ ವ್ಯರ್ಥವಾಗುತ್ತದೆಂದು ಕುರ್‌ಆನ್ ಎಚ್ಚರಿಸಿದೆಯಲ್ಲವೇ?

ಈ ವಿಷಯದಲ್ಲಿ ಪ್ರವಾದಿವರ್ಯರಿಗೇ(ಸ) ಅಲ್ಲಾಹನ ತಿದ್ದುಪಡಿ ಬಂದಿತ್ತೆಂಬುದನ್ನು ನೆನಪಿಡಿ. ಅವರು ಕುರೈಶರ ಮುಖಂಡರೊಂದಿಗೆ ಮಾತನಾಡುತ್ತಿದ್ದಾಗ ಅಬ್ದುಲ್ಲಾ ಇಬ್ನು ಉಮ್ಮಿ ಮಕ್ತೂಮ್(ರ) ಎಂಬ ಅಂಧರು ಬಂದು ಏನೋ ಕೇಳಿದರು. ಪ್ರವಾದಿವರ್ಯರ(ಸ) ಉದ್ದೇಶ ಒಳ್ಳೆಯದೇ ಆಗಿತ್ತು. ಮುಖಂಡರು ಸತ್ಯವನ್ನು ಒಪ್ಪಿದರೆ ಇಡೀ ಊರಿಗೆ ಒಳಿತಾಗುತ್ತಿತ್ತು. ಮಧ್ಯದಲ್ಲಿ ಮಾತು ತಡೆದಾಗ ಅವರ ಮುಖದಲ್ಲಿ ಅಸಮಾಧಾನ ಮೂಡಿತು. ಆ ಅಂಧರಿಗೆ ಅದು ಕಾಣಿಸುವಂತಿರಲಿಲ್ಲ. ಆದರೆ ಅದರ ಬಗ್ಗೆ ಒಂದು ಅಧ್ಯಾಯವೇ ಅವತೀರ್ಣವಾಯಿತು. ಒಳ್ಳೆಯ ಉದ್ದೇಶಕ್ಕಾಗಿ ಪ್ರಭಾವಶಾಲಿಗಳ ಕಡೆಗೆ ತಿರುಗಿದಾಗಲೂ ಕಲಿಯಲು ಬಂದ ಬಡವನಿಂದ ಮುಖ ತಿರುಗಿಸಬಾರದು. ಪ್ರತಿಯೊಂದು ಸಂಸ್ಥೆಯ ಆಡಳಿತ ಸಮಿತಿಯೂ ದಾನಿಗಳ ಪಟ್ಟಿ ಮಾಡುವ ಮೊದಲು ಈ ಘಟನೆಯನ್ನು ಓದಬೇಕು.

ಗುಡಿಸುವವಳ ಗೋರಿ

ಮೂರನೆಯ ಪರೀಕ್ಷೆ ಎಲ್ಲಕ್ಕಿಂತ ಕಷ್ಟದ್ದು. ನಾವು ಆರಿಸುವುದು ಯಾರನ್ನು?

ಮಸ್ಜಿದುನ್ನಬವಿಯನ್ನು ಗುಡಿಸುತ್ತಿದ್ದ ಒಬ್ಬ ಮಹಿಳೆಯಿದ್ದರು. ಕೆಲವು ದಿನ ಅವರು ಕಾಣಿಸಲಿಲ್ಲ. ಪ್ರವಾದಿವರ್ಯರು(ಸ) ವಿಚಾರಿಸಿದಾಗ ಅವರು ತೀರಿಕೊಂಡರೆಂದು ತಿಳಿಯಿತು. ಸಹಾಬಿಗಳು ಅದನ್ನು ಅಷ್ಟು ದೊಡ್ಡ ವಿಷಯವೆಂದು ಭಾವಿಸಿರಲಿಲ್ಲ, ಅವರಿಗೆ ತಿಳಿಸದೆಯೇ ದಫನ ಮಾಡಿದ್ದರು. ನನಗೇಕೆ ತಿಳಿಸಲಿಲ್ಲ ಎಂದು ಪ್ರವಾದಿವರ್ಯರು(ಸ) ಕೇಳಿದರು. ಆ ಗೋರಿ ಎಲ್ಲಿದೆಯೆಂದು ತೋರಿಸಲು ಹೇಳಿ, ಅಲ್ಲಿಗೆ ಹೋಗಿ ಅವರಿಗಾಗಿ ಪ್ರಾರ್ಥಿಸಿದರು.

ಮದೀನಾದ ಸಮಾಜದಲ್ಲಿ ದೊಡ್ಡ ದಾನಿಗಳಿದ್ದರು, ವೀರರಿದ್ದರು, ವಿದ್ವಾಂಸರಿದ್ದರು. ಅವರ ನಡುವೆ ಪೊರಕೆ ಹಿಡಿದ ಒಬ್ಬಳ ಗೈರುಹಾಜರಿಯನ್ನು ಗಮನಿಸಿದ್ದು ಆ ಸಮಾಜದ ನಾಯಕರು. ಶಾಲಿಲ್ಲ, ಸ್ಮರಣಿಕೆಯಿಲ್ಲ. ಆದರೆ ಇದಕ್ಕಿಂತ ದೊಡ್ಡ ಸನ್ಮಾನ ಯಾವುದಿದೆ? ಸನ್ಮಾನವೆಂದರೆ ಮೊದಲಿಗೆ ಗಮನಿಸುವುದು. ಒಬ್ಬರು ಇಲ್ಲದಾಗ ಅವರು ಇಲ್ಲವೆಂದು ತಿಳಿಯುವುದು.

ನಮ್ಮ ಕರ್ನಾಟಕದ ಎರಡು ಘಟನೆಗಳನ್ನು ಇದರ ಪಕ್ಕದಲ್ಲಿಡೋಣ. ಮೈಸೂರಿನಲ್ಲಿ ಸ್ವತಃ ವಿದ್ಯಾಭ್ಯಾಸದಿಂದ ವಂಚಿತರಾಗಿದ್ದ ಕೂಲಿಕಾರ್ಮಿಕರೊಬ್ಬರು ಇತರರಾದರೂ ಓದಲಿ ಎಂದು ಪುಟ್ಟ ಗ್ರಂಥಾಲಯವೊಂದನ್ನು ನಡೆಸುತ್ತಿದ್ದರು. ತಮ್ಮ ದುಡಿಮೆಯ ಹಣದಿಂದ ದಿನಪತ್ರಿಕೆಗಳನ್ನು ತರಿಸುತ್ತಿದ್ದರು. ಅಲ್ಲಿ ಎಲ್ಲ ಧರ್ಮಗಳ ಪುಸ್ತಕಗಳಿದ್ದವು, ಬಹುಪಾಲು ಕನ್ನಡದವು. 2021ರ ಎಪ್ರಿಲ್‌ನಲ್ಲಿ ಅದು ಬೆಂಕಿಗೆ ಆಹುತಿಯಾಯಿತು. ಸಾವಿರಾರು ಪುಸ್ತಕಗಳು ಬೂದಿಯಾದವು. ಆಮೇಲೆ ದೇಶದ ಎಲ್ಲೆಡೆಯಿಂದ ಜನರು ಹಣ ಮತ್ತು ಪುಸ್ತಕಗಳೊಂದಿಗೆ ಮುಂದೆ ಬಂದರು. ಅದು ಒಳ್ಳೆಯದೇ. ಆದರೆ ನಾಡಿನ ಬಹುಮಂದಿಗೆ ಅವರ ವಿಷಯ ತಿಳಿದದ್ದು ಪುಸ್ತಕಗಳು ಸುಟ್ಟ ಮೇಲೆ. ಕಪಾಟಿನಲ್ಲಿ ಪುಸ್ತಕಗಳಿದ್ದಾಗ ನಾವು ಎಲ್ಲಿದ್ದೆವು?

ಎರಡನೆಯದು ನೀವೆಲ್ಲರೂ ಬಲ್ಲ ಹರೇಕಳ ಹಾಜಬ್ಬರದು. ಮಂಗಳೂರಿನ ಬೀದಿಯಲ್ಲಿ ಕಿತ್ತಳೆ ಮಾರುತ್ತಿದ್ದ ಅವರಿಗೆ ವಿದೇಶಿಯರು ಇಂಗ್ಲಿಷಿನಲ್ಲಿ ಹಣ್ಣಿನ ಬೆಲೆ ಕೇಳಿದಾಗ ಉತ್ತರಿಸಲಾಗಲಿಲ್ಲ. ಆ ನಾಚಿಕೆ ತನ್ನ ಊರಿನ ಮಕ್ಕಳಿಗೆ ಬರಬಾರದೆಂದು ನ್ಯೂಪಡ್ಪುವಿನಲ್ಲಿ ಶಾಲೆಗಾಗಿ ಅವರು ಕಚೇರಿಯಿಂದ ಕಚೇರಿಗೆ ಅಲೆದರು. ಮದ್ರಸದಲ್ಲಿ ಬೆರಳೆಣಿಕೆಯ ಮಕ್ಕಳಿಂದ ಆರಂಭವಾದ ತರಗತಿ ಮುಂದೆ ಸರಕಾರಿ ಪ್ರೌಢಶಾಲೆಯವರೆಗೆ ಬೆಳೆಯಿತು. 2020ರ ಜನವರಿಯಲ್ಲಿ ಪದ್ಮಶ್ರೀಯ ಸುದ್ದಿ ಬಂದಾಗ ಅವರು ರೇಶನ್ ಅಂಗಡಿಯ ಸಾಲಿನಲ್ಲಿ ನಿಂತಿದ್ದರು. 2021ರ ನವೆಂಬರ್‌ನಲ್ಲಿ ರಾಷ್ಟ್ರಪತಿ ಭವನದಲ್ಲಿ ಬರಿಗಾಲಲ್ಲಿ ಹೋಗಿ ಅದನ್ನು ಸ್ವೀಕರಿಸಿದರು. ಅದಕ್ಕೂ ಮುಂಚೆ ಬಂದ ಪ್ರಶಸ್ತಿಗಳ ಹಣವನ್ನು ಅವರು ಶಾಲೆಗೇ ಕೊಟ್ಟಿದ್ದರು.

ಹಾಜಬ್ಬರ ಸನ್ಮಾನದಿಂದ ಯಾರಿಗೆ ಲಾಭವಾಯಿತು? ಅವರ ಕಾಲಿಗೆ ಚಪ್ಪಲಿ ಬಂದಿತೆಂಬುದಕ್ಕಿಂತ ಅವರ ಶಾಲೆಗೆ ಕೋಣೆಗಳು ಬಂದವೆಂಬುದೇ ಅವರಿಗೆ ಮುಖ್ಯವಾಗಿತ್ತು. ಸನ್ಮಾನ ಅವರ ಕೈಗೆ ಬಂದು ಅಲ್ಲಿ ನಿಲ್ಲದೆ ಮಕ್ಕಳ ಕಡೆಗೆ ಹರಿದುಹೋಯಿತು. ಹಣ ಸಂಗ್ರಹ ಮತ್ತು ಗೌರವ ಒಟ್ಟಿಗೆ ಇರಬಹುದೇ ಎಂಬ ನಮ್ಮ ಪ್ರಶ್ನೆಗೆ ಇಲ್ಲೊಂದು ಉತ್ತರವಿದೆ. ಕೆಲಸ ಮಾಡಿದವನಿಗೆ ಗೌರವ ಬಂದು, ಆ ಗೌರವ ಕೆಲಸಕ್ಕೆ ಹಣ ತಂದರೆ ಅದು ಶುದ್ಧ. ಹಣವಿರುವವನಿಗೆ ಗೌರವ ಬಂದು, ಕೆಲಸ ಅದಕ್ಕೊಂದು ನೆಪವಾದರೆ ಅದು ವ್ಯಾಪಾರ. ಎರಡರಲ್ಲೂ ಶಾಲು ಒಂದೇ, ಊಟ ಒಂದೇ.

ನಿಮಗೆ, ನನಗೆ

ಸನ್ಮಾನ ಸ್ವೀಕರಿಸುವ ಸರದಿ ನಿಮ್ಮದೇ ಆದರೆ? ಒಬ್ಬನು ಇನ್ನೊಬ್ಬನನ್ನು ಮುಖದೆದುರು ಅತಿಯಾಗಿ ಹೊಗಳಿದಾಗ ಗೆಳೆಯನ ಕತ್ತು ಕೊಯ್ದಂತಾಯಿತೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದರು. ಹೇಳಲೇಬೇಕಾದರೆ, ನನಗೆ ತಿಳಿದ ಮಟ್ಟಿಗೆ ಅವನು ಹೀಗಿದ್ದಾನೆ, ಲೆಕ್ಕ ನೋಡುವವನು ಅಲ್ಲಾಹನು ಎಂಬಂತೆ ಹೇಳಲು ಕಲಿಸಿದ್ದರು. ಆದ್ದರಿಂದ ಕರೆದವರನ್ನು ನೋಯಿಸಬೇಡಿ, ಹೋಗಿ. ಆದರೆ ಮಾತನಾಡಲು ಅವಕಾಶ ಸಿಕ್ಕಿದಾಗ ನಿಮ್ಮೊಂದಿಗೆ ದುಡಿದವರ ಹೆಸರು ಹೇಳಿ. ಲೆಕ್ಕ ಬರೆದವನು, ಕಸ ಗುಡಿಸಿದವಳು, ಬಾಡಿಗೆ ಕೇಳದೆ ಕೋಣೆ ಬಿಟ್ಟುಕೊಟ್ಟವನು, ಇವರ ಹೆಸರುಗಳನ್ನು ಆ ಸಭೆ ಕೇಳಲಿ. ಮನೆಗೆ ಬಂದು ಶಾಲನ್ನು ಪೆಟ್ಟಿಗೆಯಲ್ಲಿಡುವಾಗ, ಈ ಶಾಲು ಸಿಗದೇ ಹೋಗಿದ್ದರೂ ನಾಳೆ ಬೆಳಿಗ್ಗೆ ನಾನು ಅದೇ ಕೆಲಸಕ್ಕೆ ಹೋಗುತ್ತಿದ್ದೆನೇ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಆ ಉತ್ತರವನ್ನು ಯಾರಿಗೂ ಹೇಳಬೇಕಾಗಿಲ್ಲ.

ಸನ್ಮಾನ ಮಾಡುವ ಸಮಿತಿಯಲ್ಲಿ ನೀವಿದ್ದರೆ ಮೂರು ಪ್ರಶ್ನೆಗಳನ್ನು ಮೇಜಿನ ಮೇಲಿಡಿ. ಈ ವ್ಯಕ್ತಿ ಒಂದು ರೂಪಾಯಿಯನ್ನೂ ಕೊಡಲಾಗದ ಸ್ಥಿತಿಯಲ್ಲಿದ್ದರೂ ನಾವು ಅವರನ್ನು ಕರೆಯುತ್ತಿದ್ದೆವೇ? ಯಾರಿಗಾಗಿ ಹಣ ಕೇಳುತ್ತಿದ್ದೇವೋ ಅವರಿಗೆ ಸಭೆಯಲ್ಲಿ ಗೌರವದ ಆಸನವಿದೆಯೇ? ನಮ್ಮ ಊರಿನಲ್ಲಿ ಗುಡಿಸುವವರು, ಓದಿಸುವವರು, ಪುಸ್ತಕ ಕಾಯುವವರು ಯಾರಿದ್ದಾರೆಂದು ನಾವು ಹುಡುಕಿ ನೋಡಿದ್ದೇವೆಯೇ? ಮೂರಕ್ಕೂ ಹೌದು ಎಂಬ ಉತ್ತರ ಬಂದರೆ ಧೈರ್ಯವಾಗಿ ಔತಣ ಏರ್ಪಡಿಸಿ, ಹಣವನ್ನೂ ಕೇಳಿ. ಒಳ್ಳೆಯ ಕೆಲಸಕ್ಕಾಗಿ ಕೈ ಚಾಚುವುದರಲ್ಲಿ ಅವಮಾನವಿಲ್ಲ. ಮದೀನಾದ ಮಸೀದಿಯಲ್ಲಿ ಆ ದಿನ ಎರಡು ರಾಶಿಗಳಾದದ್ದು ಕೇಳಿದ್ದರಿಂದಲೇ.

ನೀವು ಹಿಂದಿನ ಸಾಲಿನಲ್ಲಿ ಕುಳಿತವರಾದರೆ, ನಮ್ಮಲ್ಲಿ ಹೆಚ್ಚ

ಿನವರು ಅಲ್ಲಿಯೇ ಇದ್ದೇವೆ, ನಿಮಗೆ ಸಮಿತಿಯೂ ಬೇಡ, ವೇದಿಕೆಯೂ ಬೇಡ. ನಿಮಗೆ ಅಕ್ಷರ ಕಲಿಸಿದ ಮೇಷ್ಟ್ರು ಬದುಕಿದ್ದಾರೆಯೇ? ನೀವು ಬಾಲ್ಯದಲ್ಲಿ ಪುಸ್ತಕ ಓದಿದ ಪಂಚಾಯತ್ ಗ್ರಂಥಾಲಯದಲ್ಲಿ ಸಂಜೆ ದೀಪ ಹಚ್ಚುತ್ತಿದ್ದವರು ಈಗ ಎಲ್ಲಿದ್ದಾರೆ? ಮದ್ರಸದಲ್ಲಿ ನಿಮ್ಮ ಬೆರಳು ಹಿಡಿದು ಮೊದಲ ಅಕ್ಷರದ ಮೇಲಿಟ್ಟ ಉಸ್ತಾದರನ್ನು ಕೊನೆಯ ಸಲ ನೋಡಿದ್ದು ಯಾವಾಗ? ಈ ಶುಕ್ರವಾರ ಜುಮುಆ ಮುಗಿಸಿ ಹಿಂದಿರುಗುವಾಗ ಅವರಲ್ಲಿ ಒಬ್ಬರ ಮನೆಯ ಬಾಗಿಲು ತಟ್ಟಿ. ಹಾರ ತೆಗೆದುಕೊಂಡು ಹೋಗಬೇಕಾಗಿಲ್ಲ. ಹತ್ತು ನಿಮಿಷ ಕುಳಿತು, ನೀವು ಕಲಿಸಿದ್ದು ನನ್ನ ಉಪಯೋಗಕ್ಕೆ ಬಂತು ಎಂದು ಹೇಳಿ. ತಡಮಾಡಿದರೆ ಗೋರಿ ಎಲ್ಲಿದೆಯೆಂದು ಕೇಳಿಕೊಂಡು ಹೋಗಬೇಕಾದೀತು.